ಹೊಸ ಡೆಸ್ಕ್‌ಟಾಪ್‌ಗೆ ಯಾವ ಕಂಪನಿಯ ಮದರ್‌ಬೋರ್ಡ್? ಪದೇ ಪದೇ ಕೇಳುವ ಪ್ರಶ್ನೆಗಳು

ಡೆಸ್ಕ್‌ಟಾಪ್ ಜೋಡಿಸಲು ಹೊರಟವರು ಪ್ರೊಸೆಸರನ್ನು ಬೇಗ ಆರಿಸಿಕೊಳ್ಳುತ್ತಾರೆ. ಗ್ರಾಫಿಕ್ಸ್ ಕಾರ್ಡ್ ಅಂತೂ ಮೊದಲೇ ಮನಸ್ಸಿನಲ್ಲಿ ಇರುತ್ತದೆ. ತಡವರಿಸುವುದು ಇವೆಲ್ಲ ಕೂರುವ ಮುಖ್ಯ ಬೋರ್ಡ್, ಅಂದರೆ ಮದರ್‌ಬೋರ್ಡ್ ಹತ್ತಿರ ಬಂದಾಗ. ಅಂಗಡಿಯವರು ಒಂದು ಹೆಸರು ಹೇಳುತ್ತಾರೆ, ಆಫೀಸಿನ ಗೆಳೆಯ ಇನ್ನೊಂದು, ಯೂಟ್ಯೂಬ್‌ನವರು ಮತ್ತೊಂದು. ಸ್ನೇಹಿತರು, ನೆಂಟರು ನನ್ನನ್ನು ಕೇಳುವ ಪ್ರಶ್ನೆಗಳನ್ನು ಅವರು ಕೇಳುವ ಧಾಟಿಯಲ್ಲೇ ಇಲ್ಲಿ ಇಟ್ಟಿದ್ದೇನೆ.

ಅಸುಸ್, ಎಂಎಸ್‌ಐ, ಗಿಗಾಬೈಟ್, ಆಸ್‌ರಾಕ್. ನಾಲ್ಕರಲ್ಲಿ ಯಾವುದು ಬೆಸ್ಟ್? ಒಂದೇ ಹೆಸರು ಹೇಳಿ.

ಒಂದೇ ಹೆಸರು ಹೇಳಲು ಆಗುವುದಿಲ್ಲ. ಹೇಳುವವರನ್ನು ನಂಬಲೂ ಬೇಡಿ.

ನಾಲ್ಕೂ ತೈವಾನ್ ಕಂಪನಿಗಳು. ಗಿಗಾಬೈಟ್, ಎಂಎಸ್‌ಐ ಎರಡೂ 1986ರಲ್ಲಿ ಶುರುವಾದವು. ಅಸುಸ್ 1989ರದ್ದು. ಆಸ್‌ರಾಕ್ 2002ರಲ್ಲಿ ಅಸುಸ್‌ನಿಂದಲೇ ಕವಲೊಡೆದು ಹುಟ್ಟಿದ್ದು, ಈಗ ಪೆಗಾಟ್ರಾನ್ ಗುಂಪಿನಲ್ಲಿದೆ.

ಬೋರ್ಡಿನ ಮೇಲೆ ಕೂತಿರುವ ಭಾಗಗಳನ್ನು ನೋಡಿದರೆ ವ್ಯತ್ಯಾಸ ಇನ್ನೂ ಕಡಿಮೆ. ಪ್ರೊಸೆಸರಿಗೂ ಉಳಿದ ಭಾಗಗಳಿಗೂ ನಡುವೆ ಸಂಪರ್ಕ ನೋಡಿಕೊಳ್ಳುವ ಚಿಪ್‌ಸೆಟ್ ಎಎಂಡಿ ಅಥವಾ ಇಂಟೆಲ್‌ನದು. ಸೌಂಡ್ ಚಿಪ್ ಹೆಚ್ಚಾಗಿ ರಿಯಲ್‌ಟೆಕ್‌ನದು. ನೆಟ್‌ವರ್ಕ್ ಚಿಪ್ ರಿಯಲ್‌ಟೆಕ್ ಅಥವಾ ಇಂಟೆಲ್. ಬಯಾಸ್, ಅಂದರೆ ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಬೋರ್ಡಿನದೇ ಸಾಫ್ಟ್‌ವೇರ್, ಅದರ ಬುನಾದಿ ಅಮೆರಿಕನ್ ಮೆಗಾಟ್ರೆಂಡ್ಸ್ ಎಂಬ ಕಂಪನಿಯದು. ಅದರ ಮೇಲೆ ಪ್ರತಿಯೊಬ್ಬರೂ ತಮ್ಮ ಬಣ್ಣ ಬಳಿದಿರುತ್ತಾರೆ ಅಷ್ಟೇ. ಇನ್ನೊಂದು ತಮಾಷೆ ಕೇಳಿ. ಅಸುಸ್ ಬೇಡವೇ ಬೇಡ ಎಂದು ಹಟ ಹಿಡಿದು ನೀವು ಗಿಗಾಬೈಟ್ ಬಿ650 ಬೋರ್ಡ್ ತಂದಿರಿ ಅಂದುಕೊಳ್ಳಿ. ಅದರಲ್ಲಿರುವ ಚಿಪ್‌ಸೆಟ್ಟನ್ನು ಎಎಂಡಿಗಾಗಿ ಮಾಡಿಕೊಟ್ಟಿದ್ದು ಎಎಸ್‌ಮೀಡಿಯಾ. ಅದು ಅಸುಸ್ ಗುಂಪಿನದೇ ಕಂಪನಿ!

ಹಾಗಾದರೆ ಬ್ರಾಂಡ್ ನೋಡುವುದೇ ಬೇಡವಾ?

ನೋಡಬೇಕು, ಆದರೆ ಕೊನೆಯಲ್ಲಿ. ಮೊದಲು ಪ್ರೊಸೆಸರ್, ಆಮೇಲೆ ಚಿಪ್‌ಸೆಟ್, ಆಮೇಲೆ ಮಾಡೆಲ್. ಹೀಗೆ ಸೋಸಿದ ಮೇಲೆ ಎರಡೋ ಮೂರೋ ಬೋರ್ಡ್ ಉಳಿಯುತ್ತವೆ. ಅವುಗಳಲ್ಲಿ ಆರಿಸುವಾಗ ಬ್ರಾಂಡ್ ನೋಡಿ. ಆಗಲೂ ಕೇಳಬೇಕಾದ್ದು ಎರಡೇ. ಬೋರ್ಡ್ ಕೆಟ್ಟರೆ ನನ್ನ ಊರಿನಲ್ಲಿ ಅದನ್ನು ಕೈಗೆ ತೆಗೆದುಕೊಳ್ಳುವವರು ಯಾರು? ಈ ಕಂಪನಿ ಹಳೆಯ ಬೋರ್ಡುಗಳಿಗೂ ಬಯಾಸ್ ಅಪ್‌ಡೇಟ್ ಕೊಡುತ್ತಾ ಬಂದಿದೆಯಾ?

ಒಂದು ಹೋಟೆಲಿನ ಇಡ್ಲಿ ಚೆನ್ನಾಗಿದೆ ಎಂದ ಮಾತ್ರಕ್ಕೆ ಅಲ್ಲಿನ ಬಿಸಿಬೇಳೆಬಾತೂ ಚೆನ್ನಾಗಿಯೇ ಇರಬೇಕು ಅಂತೇನಿಲ್ಲ ಅಲ್ವಾ? ಒಂದೇ ಕಂಪನಿ ಹತ್ತಾರು ಬೋರ್ಡ್ ಮಾಡುತ್ತದೆ. ಅದರಲ್ಲಿ ಕೆಲವು ಬಹಳ ಚೆನ್ನಾಗಿರುತ್ತವೆ, ಕೆಲವನ್ನು ಸುಮ್ನೆ ಬೆಲೆಪಟ್ಟಿ ತುಂಬಿಸಲು ಮಾಡಿರುತ್ತಾರೆ.

ದುಡ್ಡು ಜಾಸ್ತಿ ಕೊಟ್ಟು ಒಳ್ಳೆಯ ಬ್ರಾಂಡಿನ ಮೇಲಿನ ಮಾಡೆಲ್ ತಗೊಂಡರೆ ಚಿಂತೆ ಇರುವುದಿಲ್ಲ ಅಲ್ವಾ?

2021ರ ಕೊನೆಯಲ್ಲಿ ಅಸುಸ್‌ನ ಮ್ಯಾಕ್ಸಿಮಸ್ ಝಡ್690 ಹೀರೋ ಎಂಬ ಬೋರ್ಡ್ ಸುಟ್ಟುಹೋಗುತ್ತಿದೆ ಎಂದು ಹಲವರು ದೂರಿದರು. ಅದೇನು ಅಗ್ಗದ ಬೋರ್ಡ್ ಅಲ್ಲ, ಕಂಪನಿಯ ಮೇಲುಸಾಲಿನದು. ಕಾರಣ ಹುಡುಕಿದಾಗ ಗೊತ್ತಾಗಿದ್ದು, ರ‍್ಯಾಮ್ ಸ್ಲಾಟ್ ಪಕ್ಕದ ಒಂದು ಕೆಪಾಸಿಟರ್ ಕಾರ್ಖಾನೆಯಲ್ಲೇ ಉಲ್ಟಾ ಕೂತಿತ್ತು. ಕಂಪನಿ ಒಪ್ಪಿಕೊಂಡಿತು, ಬೋರ್ಡುಗಳನ್ನು ಬದಲಾಯಿಸಿಕೊಟ್ಟಿತು.

ಅಸುಸ್ ಕೆಟ್ಟದ್ದು ಎಂದು ಹೇಳಲು ಈ ಕತೆ ಹೇಳಲಿಲ್ಲ. ಇಂಥ ಕತೆ ನಾಲ್ಕೂ ಕಂಪನಿಗಳ ಬಗ್ಗೆ ಸಿಗುತ್ತದೆ. ಹೆಚ್ಚು ಬೆಲೆಯ ಬೋರ್ಡಿನಲ್ಲಿ ನೀವು ದುಡ್ಡು ಕೊಡುವುದು ಹೆಚ್ಚು ಪೋರ್ಟು, ದಪ್ಪ ವಿಆರ್‌ಎಂ, ಎಸ್‌ಎಸ್‌ಡಿ ಕೂರಿಸುವ ಎಂ.2 ಸ್ಲಾಟ್ ಜಾಸ್ತಿ, ಲೈಟುಗಳಿಗೆ. ಕೆಡುವುದೇ ಇಲ್ಲ ಎಂಬ ಖಾತ್ರಿಗೆ ಅಲ್ಲ.

ವಿಆರ್‌ಎಂ ವಿಆರ್‌ಎಂ ಅಂತಾರಲ್ಲ, ಏನದು? ನನಗೆ ಯಾಕೆ ಬೇಕು?

ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್, ಕೊಡುವುದು 12 ವೋಲ್ಟ್. ಪ್ರೊಸೆಸರಿಗೆ ಬೇಕಾದ್ದು ಹೆಚ್ಚುಕಡಿಮೆ 1 ವೋಲ್ಟ್‌ನ ಆಸುಪಾಸು. ಈ ಇಳಿಸುವ ಕೆಲಸ ಮಾಡುವುದು ಪ್ರೊಸೆಸರ್ ಕೂರುವ ಸಾಕೆಟ್ಟಿನ ಸುತ್ತ ಸಾಲಾಗಿ ಕೂತಿರುವ ಪುಟ್ಟ ಚಿಪ್‌ಗಳು ಮತ್ತು ಚೌಕದ ಕಾಯಿಲ್‌ಗಳು. ಅದೇ ವಿಆರ್‌ಎಂ.

ವೋಲ್ಟ್ ಕಡಿಮೆಯಾದಷ್ಟೂ ಆಂಪಿಯರ್ ಏರುತ್ತದೆ. ಇಂಟೆಲ್ ಕೋರ್ ಐ9-14900ಕೆ ಪೂರ್ತಿ ಜೋರಿನಲ್ಲಿ 253 ವ್ಯಾಟ್ ಎಳೆಯುತ್ತದೆ. ಆಗ ವೋಲ್ಟ್ 1.25ರ ಆಸುಪಾಸು ಎಂದು ಲೆಕ್ಕ ಹಾಕಿ, 200 ಆಂಪಿಯರ್ ಹತ್ತಿರ ಬರುತ್ತದೆ. ಇಷ್ಟು ಕರೆಂಟ್ ಹರಿಯುವ ಕಡೆ ಬಿಸಿಯಾಗದೆ ಇರುತ್ತದಾ? ವಿಆರ್‌ಎಂ ಚಿಕ್ಕದಿದ್ದು, ಮೇಲೆ ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕೂ ಇಲ್ಲದಿದ್ದರೆ ಬೋರ್ಡ್ ತನ್ನನ್ನು ಉಳಿಸಿಕೊಳ್ಳಲು ಪ್ರೊಸೆಸರಿನ ವೇಗವನ್ನೇ ಇಳಿಸಿಬಿಡುತ್ತದೆ. ಐ9ಕ್ಕೆ ದುಡ್ಡು ಕೊಟ್ಟು ಐ5ರ ಕೆಲಸ ಮಾಡಿಸಿಕೊಂಡ ಹಾಗೆ.

ಆದರೆ ಎಲ್ಲರೂ ಹೆದರಬೇಕಾಗಿಲ್ಲ. ಐ5-12400ಎಫ್ ಎಷ್ಟೇ ಜೋರಿನಲ್ಲಿ ಓಡಿದರೂ 117 ವ್ಯಾಟ್. ರೈಜೆನ್ 5 7600 ಅದಕ್ಕಿಂತಲೂ ಕಡಿಮೆ, 88 ವ್ಯಾಟ್. ಇವಕ್ಕೆ ಸಾಧಾರಣ ಬೋರ್ಡ್ ಧಾರಾಳವಾಗಿ ಸಾಕು. ಆಟ ಆಡುವವರ ಮೆಚ್ಚಿನ ರೈಜೆನ್ 7 7800ಎಕ್ಸ್3ಡಿ ಕೂಡ ಆಟದ ವೇಳೆ ವಿದ್ಯುತ್ ವಿಷಯದಲ್ಲಿ ಮಿತವ್ಯಯಿ. ರೈಜೆನ್ 9 9950ಎಕ್ಸ್ ಅಥವಾ ಇಂಟೆಲ್‌ನ ಹೆಸರಿನ ಕೊನೆಗೆ ಕೆ ಅಕ್ಷರ ಇರುವ ಐ7, ಐ9 ತಗೊಂಡು ಗಂಟೆಗಟ್ಟಲೆ ವಿಡಿಯೋ ರೆಂಡರ್ ಮಾಡುವವರು ಮಾತ್ರ ವಿಆರ್‌ಎಂ ಬಗ್ಗೆ ತಲೆ ಕೆಡಿಸಿಕೊಳ್ಳಬೇಕು.

ಪೆಟ್ಟಿಗೆಯ ಮೇಲೆ ಬರೆದ ಫೇಸ್ ಲೆಕ್ಕವನ್ನು, ಅಂದರೆ ವಿಆರ್‌ಎಂ ಕೆಲಸವನ್ನು ಎಷ್ಟು ಭಾಗಗಳು ಹಂಚಿಕೊಂಡಿವೆ ಎಂಬ ಸಂಖ್ಯೆಯನ್ನು ಮಾತ್ರ ನಂಬಬೇಡಿ. 12 ಎಂದು ಬರೆದದ್ದು ನಿಜಕ್ಕೂ 6 ಜೋಡಿ ಇರಬಹುದು. ಬೋರ್ಡಿನ ಫೋಟೊ ನೋಡಿ. ಸಾಕೆಟ್ಟಿನ ಎಡಕ್ಕೆ ಮತ್ತು ಮೇಲೆ, ಎರಡೂ ಕಡೆ ದಪ್ಪ ಹೀಟ್‌ಸಿಂಕ್ ಇದ್ದರೆ ಒಳ್ಳೆಯ ಸೂಚನೆ. ಅಲ್ಲಿ ಬರೀ ಚಿಪ್‌ಗಳು ಕಾಣುತ್ತಿದ್ದರೆ ಅದು 65 ವ್ಯಾಟ್ ಪ್ರೊಸೆಸರುಗಳಿಗೆ ಮಾಡಿದ ಬೋರ್ಡ್.

ಮಾಡೆಲ್ ಹೆಸರುಗಳು ತಲೆ ತಿರುಗಿಸುತ್ತವೆ. ಪ್ರೈಮ್, ಟಫ್, ಟೊಮಾಹಾಕ್, ಈಗಲ್... ಏನಿದು?

ಪ್ರತಿ ಕಂಪನಿಯಲ್ಲೂ ಮೆಟ್ಟಿಲುಗಳಿವೆ. ಅಸುಸ್‌ನಲ್ಲಿ ಕೆಳಗೆ ಪ್ರೈಮ್, ನಡುವೆ ಟಫ್ ಗೇಮಿಂಗ್, ಮೇಲೆ ಆರ್‌ಒಜಿ. ಎಂಎಸ್‌ಐನಲ್ಲಿ ಪ್ರೊ, ಆಮೇಲೆ ಮ್ಯಾಗ್ ಸಾಲು. ಮಾರ್ಟರ್, ಟೊಮಾಹಾಕ್ ಇರುವುದು ಇದರಲ್ಲೇ. ಅದರ ಮೇಲೆ ಎಂಪಿಜಿ, ಎಂಇಜಿ. ಗಿಗಾಬೈಟ್‌ನಲ್ಲಿ ಯುಡಿ, ಈಗಲ್, ಗೇಮಿಂಗ್ ಎಕ್ಸ್, ಮೇಲೆ ಆರಸ್. ಆಸ್‌ರಾಕ್‌ನಲ್ಲಿ ಎಚ್‌ಡಿವಿ, ಪ್ರೊ ಆರ್‌ಎಸ್, ಸ್ಟೀಲ್ ಲೆಜೆಂಡ್, ತುದಿಯಲ್ಲಿ ತೈಚಿ.

ಬಹಳ ಜನರಿಗೆ ಬೇಕಾದ್ದು ನಡುವಿನ ಮೆಟ್ಟಿಲು.

ಕೊನೆಯ ಅಕ್ಷರದ ಮೇಲೆ ಮಾತ್ರ ಕಣ್ಣಿರಲಿ. ಎಂಎಸ್‌ಐ ಪ್ರೊ ಬಿ760ಎಂ-ಎ ಮತ್ತು ಪ್ರೊ ಬಿ760ಎಂ-ಇ ಕೇಳಲು ಅಣ್ಣತಮ್ಮಂದಿರಂತೆ ಇವೆ. ಎ ಅಕ್ಷರದ್ದು ಗಟ್ಟಿ ಬೋರ್ಡ್, ನಾಲ್ಕು ರ‍್ಯಾಮ್ ಸ್ಲಾಟ್. ಇ ಅಕ್ಷರದ್ದಕ್ಕೆ ಎರಡೇ ಸ್ಲಾಟ್, ವಿಆರ್‌ಎಂ ಕೂಡ ಚಿಕ್ಕದು. ಅಸುಸ್‌ನಲ್ಲಿ ಡಿ4 ಎಂದಿದ್ದರೆ ಹಳೆಯ ಪೀಳಿಗೆಯ ಡಿಡಿಆರ್4 ರ‍್ಯಾಮ್ ಮಾತ್ರ ಹಿಡಿಯುತ್ತದೆ. ಗಿಗಾಬೈಟ್‌ನಲ್ಲಿ ಒಂದೇ ಹೆಸರಿನ ಬೋರ್ಡ್ ಬೇರೆ ಬೇರೆ ರಿವಿಷನ್‌ನಲ್ಲಿ ಬರುತ್ತದೆ. ನಂಬರು ಬೋರ್ಡಿನ ಮೂಲೆಯಲ್ಲಿ ಸಣ್ಣದಾಗಿ ಅಚ್ಚಾಗಿರುತ್ತದೆ. ಒಂದು ರಿವಿಷನ್‌ನಲ್ಲಿ ಇದ್ದ ವೈಫೈ ಚಿಪ್ ಮುಂದಿನದರಲ್ಲಿ ಬೇರೆಯಾಗಿರಬಹುದು. ರಿವ್ಯೂ ನೋಡಿದ್ದು ಒಂದು, ಮನೆಗೆ ಬಂದದ್ದು ಇನ್ನೊಂದು ಆಗಬಾರದಲ್ಲ. ಬಯಾಸ್ ಇಳಿಸಿಕೊಳ್ಳುವಾಗಲೂ ಈ ನಂಬರ್ ಹೊಂದಬೇಕು.

ಎ, ಬಿ, ಎಕ್ಸ್, ಎಚ್, ಝಡ್. ಯಾವ ಚಿಪ್‌ಸೆಟ್ ತಗೋಬೇಕು?

ಇಂಟೆಲ್‌ನಲ್ಲಿ ಎಚ್610 ಅಗ್ಗದ್ದು, ಎರಡೇ ರ‍್ಯಾಮ್ ಸ್ಲಾಟ್. ಬಿ760 ನಡುವಿನದು. ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಬೇಕಿದ್ದರೆ, ಅಂದರೆ ನಿಗದಿತ ವೇಗ ಮೀರಿ ಓಡಿಸಬೇಕಿದ್ದರೆ, ಮಾತ್ರ ಝಡ್790. ಕೆ ಅಕ್ಷರವಿಲ್ಲದ ಪ್ರೊಸೆಸರಿಗೆ ಝಡ್ ಬೋರ್ಡ್ ಹಾಕುವುದು ದುಡ್ಡು ದಂಡ.

ಎಎಂಡಿಯಲ್ಲಿ ಎ620 ಕೆಳಗಿನದು, ಓವರ್‌ಕ್ಲಾಕ್ ಇಲ್ಲ. ಬಿ650ರಲ್ಲಿ ಎಲ್ಲಾ ಇದೆ. ಹೊಸದಾಗಿ ಬಂದ ಬಿ850, ಬಿ650ರ ತಮ್ಮನೇ, ವೇಗದ ಎಂ.2 ಸ್ಲಾಟ್ ಕಡ್ಡಾಯವಾಗಿ ಕೊಡುತ್ತಾರೆ. ಇಲ್ಲೊಂದು ಹಳ್ಳ ಇದೆ. ಬಿ840 ಎಂದೊಂದು ಬಂದಿದೆ. ನಂಬರ್ ನೋಡಿದರೆ ಬಿ650ಕ್ಕಿಂತ ದೊಡ್ಡದು, ಕೆಲಸದಲ್ಲಿ ಚಿಕ್ಕದು. ಪ್ರೊಸೆಸರ್ ಓವರ್‌ಕ್ಲಾಕ್ ಇಲ್ಲ, ಕಾರ್ಡು, ಎಸ್‌ಎಸ್‌ಡಿಗಳಿಗೆ ಚಿಪ್‌ಸೆಟ್ ಕಡೆಯಿಂದ ಡೇಟಾ ಹರಿಯುವ ದಾರಿಗಳೂ ಹಳೆಯ, ನಿಧಾನದ ಪಿಸಿಐಇ 3.0. "ಹೊಸದು ಸಾರ್, 800 ಸೀರೀಸ್" ಎಂದು ಅಂಗಡಿಯವರು ಕೊಟ್ಟರೆ ಒಮ್ಮೆ ಪೆಟ್ಟಿಗೆ ತಿರುಗಿಸಿ ನೋಡಿ.

ಮುಂದೆ ಪ್ರೊಸೆಸರ್ ಮಾತ್ರ ಬದಲಾಯಿಸಿಕೊಳ್ಳೋಣ ಅಂತಿದ್ದೇನೆ. ಯಾವ ಬೋರ್ಡ್?

ಅಂಥ ಆಸೆ ಇದ್ದರೆ ಎಎಂಡಿ. ಇತಿಹಾಸ ಅದರ ಕಡೆ ಇದೆ. 2017ರಲ್ಲಿ ಮೊದಲ ರೈಜೆನ್ ಜತೆ ಎಎಂ4 ಸಾಕೆಟ್ಟಿನ ಬೋರ್ಡ್ ಕೊಂಡವರಲ್ಲಿ ಹಲವರು 2022ರಲ್ಲಿ ಅದೇ ಬೋರ್ಡಿಗೆ ರೈಜೆನ್ 7 5800ಎಕ್ಸ್3ಡಿ ಹಾಕಿಕೊಂಡರು. ಬಯಾಸ್ ಅಪ್‌ಡೇಟ್ ಮಾಡಿದ್ದಷ್ಟೇ. ಈಗಿನ ಎಎಂ5 ಸಾಕೆಟ್ 2022ರಲ್ಲಿ ಬಂದಿದೆ. 2027ರವರೆಗೆ ಮತ್ತು ಅದರಾಚೆಗೂ ಬೆಂಬಲ ಕೊಡುವುದಾಗಿ ಎಎಂಡಿ ಹೇಳಿದೆ.

ಇಂಟೆಲ್ ಸಾಕೆಟ್ಟನ್ನು ಬೇಗ ಬದಲಾಯಿಸುತ್ತದೆ. ಎಲ್‌ಜಿಎ 1700 ಸಾಕೆಟ್ 12, 13, 14ನೇ ಪೀಳಿಗೆಗೆ ಮುಗಿಯಿತು. 2024ರ ಅಕ್ಟೋಬರಿನಲ್ಲಿ ಬಂದ ಕೋರ್ ಅಲ್ಟ್ರಾ 200ಎಸ್‌ಗೆ ಎಲ್‌ಜಿಎ 1851 ಎಂಬ ಬೇರೆಯದೇ ಬೇಕು. ಹಾಗೆಂದು 1700ರ ಬೋರ್ಡ್ ಇವತ್ತು ಕೊಳ್ಳಬಾರದು ಎಂದಲ್ಲ. ಡಿಡಿಆರ್4 ರ‍್ಯಾಮ್ ನಿಮ್ಮ ಹತ್ತಿರ ಆಗಲೇ ಇದ್ದರೆ ಅದನ್ನು ಹಿಡಿಯುವ ಎಚ್610 ಅಥವಾ ಬಿ760 ಬೋರ್ಡ್ ಜೇಬಿಗೆ ಹಗುರ. ಎಎಂ5 ಮತ್ತು 1851ಗೆ ಡಿಡಿಆರ್5 ಕಡ್ಡಾಯ. 2025ರ ಕೊನೆಗೆ ರ‍್ಯಾಮ್ ಬೆಲೆ ಏರಿದ ರೀತಿ ನೋಡಿದವರಿಗೆ ಇದು ಸಣ್ಣ ವಿಷಯ ಅಲ್ಲ.

ಬಯಾಸ್ ವಿಷಯದಲ್ಲಿ ಕಂಪನಿಗಳ ನಡುವೆ ವ್ಯತ್ಯಾಸ ಇದೆಯಾ?

ಇದೆ. ಬ್ರಾಂಡ್ ನಿಜಕ್ಕೂ ಕಾಣಿಸಿಕೊಳ್ಳುವ ಜಾಗ ಇದೇ.

ಮೆನು ಚೆನ್ನಾಗಿರುವುದು ನನ್ನ ಕಣ್ಣಿಗೆ ಅಸುಸ್ ಮತ್ತು ಎಂಎಸ್‌ಐನದು. ಫ್ಯಾನ್ ವೇಗವನ್ನು ಗೆರೆ ಎಳೆದು ಹೊಂದಿಸುವುದು ಇವೆರಡರಲ್ಲಿ ಸುಲಭ. ಗಿಗಾಬೈಟ್‌ನಲ್ಲಿ ಒಂದೇ ಸೆಟ್ಟಿಂಗ್ ಎರಡು ಕಡೆ ಇರುತ್ತದೆ, ಯಾವುದು ನಡೆಯುತ್ತದೆ ಎಂದು ಹುಡುಕಬೇಕು. ಆಸ್‌ರಾಕ್ ಸಾದಾ, ಆದರೆ ಕೆಲಸಕ್ಕೆ ಕೊರತೆ ಇಲ್ಲ.

ಅಪ್‌ಡೇಟ್ ವಿಷಯಕ್ಕೆ ಒಂದು ಹಳೆಯ ಪ್ರಸಂಗ ಹೇಳಬೇಕು. ಎಂಎಸ್‌ಐನ ಬಿ450 ಟೊಮಾಹಾಕ್ ಬಹಳ ಜನಪ್ರಿಯ ಬೋರ್ಡ್. ಅದರ ಬಯಾಸ್ ಚಿಪ್ 16 ಎಂಬಿ. 2019ರಲ್ಲಿ ರೈಜೆನ್ 3000 ಬಂದಾಗ ಹಳೆಯ, ಹೊಸ ಪ್ರೊಸೆಸರುಗಳೆಲ್ಲವನ್ನೂ ಅಷ್ಟರಲ್ಲಿ ತುರುಕಲು ಜಾಗ ಸಾಲಲಿಲ್ಲ. ಚಿತ್ರಗಳಿದ್ದ ಚೆಂದದ ಮೆನು ಕಿತ್ತುಹಾಕಿ ಸಾದಾ ಮೆನು ಹಾಕಿದರು. ಆಮೇಲೆ 32 ಎಂಬಿ ಚಿಪ್ ಹಾಕಿ ಮ್ಯಾಕ್ಸ್ ಎಂಬ ಹೆಸರಿನಲ್ಲಿ ಅದೇ ಬೋರ್ಡನ್ನು ಮತ್ತೆ ತಂದರು. ಪುಟ್ಟದೊಂದು ಚಿಪ್‌ನಲ್ಲಿ ಉಳಿಸಿದ ಕಾಸು ಎಷ್ಟು ಕೆಲಸ ಹಚ್ಚಿತು ನೋಡಿ.

ಕೊಳ್ಳುವ ಮೊದಲು ಹೀಗೆ ಮಾಡಿ. ಆ ಕಂಪನಿಯ ನಾಲ್ಕೈದು ವರ್ಷ ಹಳೆಯ ಬೋರ್ಡೊಂದರ ಸಪೋರ್ಟ್ ಪುಟ ತೆರೆಯಿರಿ. ಕೊನೆಯ ಬಯಾಸ್ ಯಾವ ತಾರೀಕಿನದು ಎಂದು ನೋಡಿ. ನಿಮ್ಮ ಬೋರ್ಡಿಗೂ ಅದೇ ಗತಿ.

ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಬೇಕೇಬೇಕಾ?

ಬೇಕು. ಇದೊಂದು ವಿಷಯದಲ್ಲಿ ನಾನು ಜಗ್ಗುವುದಿಲ್ಲ. ಬೋರ್ಡ್ ಅಂಗಡಿಯಲ್ಲಿ ಆರು ತಿಂಗಳು ಕೂತಿರುತ್ತದೆ, ನಿಮ್ಮ ಪ್ರೊಸೆಸರ್ ಹೋದ ತಿಂಗಳು ಬಂದಿರುತ್ತದೆ. ಬೋರ್ಡಿಗೆ ಅದರ ಗುರುತೇ ಸಿಗುವುದಿಲ್ಲ, ಪರದೆ ಕಪ್ಪು. ಈ ಬಟನ್ ಇದ್ದರೆ ಪ್ರೊಸೆಸರ್, ರ‍್ಯಾಮ್ ಏನೂ ಇಲ್ಲದೆ ಪೆನ್‌ಡ್ರೈವ್ ಚುಚ್ಚಿ ಬಯಾಸ್ ಹಾಕಬಹುದು. ಗಿಗಾಬೈಟ್ ಇದನ್ನು ಕ್ಯೂ-ಫ್ಲ್ಯಾಶ್ ಪ್ಲಸ್ ಎನ್ನುತ್ತದೆ, ಎಂಎಸ್‌ಐ ಫ್ಲ್ಯಾಶ್ ಬಯಾಸ್ ಬಟನ್ ಎನ್ನುತ್ತದೆ. ಕೆಲಸ ಒಂದೇ. ಅಗ್ಗದ ಬೋರ್ಡುಗಳಲ್ಲಿ ಮೊದಲು ಕೈಬಿಡುವುದೂ ಇದನ್ನೇ.

ಪ್ರೊಸೆಸರ್ ಸುಟ್ಟುಹೋಯಿತು ಎಂದು ಸುದ್ದಿ ಬರುತ್ತದಲ್ಲ, ಅದು ಬೋರ್ಡಿನ ತಪ್ಪಾ?

ಅರ್ಧ ಅದರದ್ದೇ. 2023ರ ಏಪ್ರಿಲ್‌ನಲ್ಲಿ ರೈಜೆನ್ 7000 ಎಕ್ಸ್3ಡಿ ಪ್ರೊಸೆಸರುಗಳು ಸುಟ್ಟ ಫೋಟೊಗಳು ಹರಿದಾಡಿದವು. ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಪೋ ಪ್ರೊಫೈಲ್ ಹಾಕಿದರೆ ಕೆಲವು ಬೋರ್ಡುಗಳು ಎಸ್‌ಒಸಿ ವೋಲ್ಟೇಜನ್ನು, ಅಂದರೆ ಪ್ರೊಸೆಸರಿನೊಳಗೆ ಮೆಮೊರಿ ನೋಡಿಕೊಳ್ಳುವ ಭಾಗದ ವೋಲ್ಟೇಜನ್ನು, ಮಿತಿ ಮೀರಿ ಏರಿಸುತ್ತಿದ್ದವು. ಎಎಂಡಿ ಅದನ್ನು 1.3 ವೋಲ್ಟ್‌ಗೆ ಕಟ್ಟಿಹಾಕಿತು. ಎಲ್ಲಾ ಕಂಪನಿಗಳೂ ಹೊಸ ಬಯಾಸ್ ಕೊಟ್ಟವು.

ಇಂಟೆಲ್ ಕತೆ ಬೇರೆ. 13 ಮತ್ತು 14ನೇ ಪೀಳಿಗೆಯ ದೊಡ್ಡ ಪ್ರೊಸೆಸರುಗಳು ಕೆಲ ತಿಂಗಳಲ್ಲೇ ಕ್ರ್ಯಾಶ್ ಆಗತೊಡಗಿದವು. ಮೂಲ ದೋಷ ಇಂಟೆಲ್‌ನದೇ. ಪ್ರೊಸೆಸರ್ ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟ್ ಕೇಳುತ್ತಿತ್ತು. ಬೋರ್ಡ್ ಕಂಪನಿಗಳು ರಿವ್ಯೂಗಳಲ್ಲಿ ಒಂದೆರಡು ಅಂಕ ಮೇಲೆ ಬರಲೆಂದು ವಿದ್ಯುತ್ ಮಿತಿಯನ್ನೇ ತೆಗೆದು ಮಾರುತ್ತಿದ್ದದ್ದು ಬೆಂಕಿಗೆ ತುಪ್ಪ ಆಯಿತು. 2024ರ ಆಗಸ್ಟ್‌ನಿಂದ ಇಂಟೆಲ್ ಮೈಕ್ರೋಕೋಡ್, ಅಂದರೆ ಪ್ರೊಸೆಸರಿನೊಳಗಿನ ಸಾಫ್ಟ್‌ವೇರ್, ತಿದ್ದಿ ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಆ ತಿದ್ದುಪಡಿ ನಿಮಗೆ ತಲುಪುವುದು ಮುಖ್ಯವಾಗಿ ಬೋರ್ಡಿನ ಬಯಾಸ್ ಮೂಲಕ. ಈ ಪೀಳಿಗೆಯ ಪ್ರೊಸೆಸರ್ ಕೊಳ್ಳುವವರು ವಿಂಡೋಸ್ ಹಾಕುವ ಮುಂಚೆಯೇ ಬಯಾಸ್ ಹೊಸದು ಮಾಡಿ, ಪವರ್ ಸೆಟ್ಟಿಂಗಿನಲ್ಲಿ ಇಂಟೆಲ್ ಡೀಫಾಲ್ಟ್ ಆರಿಸಿ.

ವಾರಂಟಿ ಯಾರದು ಚೆನ್ನಾಗಿದೆ?

ಕಾಗದದ ಮೇಲೆ ಎಲ್ಲರದೂ ಒಂದೇ. ಭಾರತದಲ್ಲಿ ಈ ನಾಲ್ಕರ ಬೋರ್ಡುಗಳಿಗೆ ಸಾಮಾನ್ಯವಾಗಿ 3 ವರ್ಷ. ಬೋರ್ಡ್ ಕೈಯಲ್ಲಿ ಹಿಡಿದು ಹೋದಾಗ ಮಾತ್ರ ಊರಿಂದ ಊರಿಗೆ ಅನುಭವ ಬೇರೆ.

ಬೆಂಗಳೂರಿನಲ್ಲಿ ಇರುವವರಿಗೆ ಇದು ದೊಡ್ಡ ತಲೆನೋವಲ್ಲ. ಎಲ್ಲಾ ಬ್ರಾಂಡಿಗೂ ಕೊಟ್ಟು ಬರಲು ಒಂದು ಜಾಗ ಇರುತ್ತದೆ. ಎಸ್‌.ಪಿ. ರೋಡ್‌ನಲ್ಲಿ ಕೊಂಡಿದ್ದರೆ ಕೆಲವು ಅಂಗಡಿಯವರು ತಾವೇ ತೆಗೆದುಕೊಂಡು ಹೋಗಿ ಕೊಡುತ್ತಾರೆ. ಕೊಳ್ಳುವಾಗಲೇ "ಕೆಟ್ಟರೆ ನೀವೇ ಸರ್ವಿಸ್ ಸೆಂಟರಿಗೆ ಕೊಡ್ತೀರಾ, ನಾನೇ ಹೋಗಬೇಕಾ?" ಎಂದು ಬಾಯಿಬಿಟ್ಟು ಕೇಳಿ. 300 ರೂಪಾಯಿ ಕಡಿಮೆಗೆ ಕೊಡುವ ಅಂಗಡಿಗಿಂತ ಈ ಪ್ರಶ್ನೆಗೆ ನೇರ ಉತ್ತರ ಕೊಡುವ ಅಂಗಡಿ ಮೇಲು.

ಕಲಬುರಗಿ, ಬೀದರ್, ಶಿವಮೊಗ್ಗ, ಕಾರವಾರದ ಕಡೆಯವರು ಬ್ರಾಂಡ್ ಆರಿಸಬೇಕಾದ್ದೇ ಇದರ ಮೇಲೆ. ನಿಮ್ಮ ಊರಿಗೋ ಹತ್ತಿರದ ಹುಬ್ಬಳ್ಳಿ, ಮಂಗಳೂರು, ಮೈಸೂರಿಗೋ ಯಾವ ಬ್ರಾಂಡಿನ ಸರ್ವಿಸ್ ಇದೆ ಎಂದು ಕಂಪನಿಯ ಸೈಟಿನಲ್ಲಿ ಪಿನ್‌ಕೋಡ್ ಹಾಕಿ ನೋಡಿ. ಅಲ್ಲಿ ಬರೆದ ನಂಬರಿಗೆ ಒಂದು ಫೋನ್ ಕೂಡ ಮಾಡಿ. ಪಟ್ಟಿಯಲ್ಲಿರುವ ಜಾಗ ಮುಚ್ಚಿ ಎಷ್ಟೋ ದಿನ ಆಗಿರುವುದುಂಟು. ಹತ್ತಿರದಲ್ಲಿ ಏನೂ ಇಲ್ಲದಿದ್ದರೆ ಬೋರ್ಡನ್ನು ಕೊರಿಯರ್ ಮಾಡಬೇಕು. ವಾರಗಟ್ಟಲೆ ಕಂಪ್ಯೂಟರ್ ಇಲ್ಲದೆ ಕೂರಬೇಕು.

ಜಿಎಸ್‌ಟಿ ಬಿಲ್ ತಪ್ಪದೆ ತಗೊಳ್ಳಿ. 18 ಶೇಕಡ ಉಳಿಸಲು "ಬಿಲ್ ಇಲ್ಲದೆ ಕೊಡಿ" ಎನ್ನುವವರಿದ್ದಾರೆ. ಬೋರ್ಡಿನ ಮಟ್ಟಿಗೆ ಇದು ದಡ್ಡತನ. ಬಿಲ್ ಇಲ್ಲದಿದ್ದರೆ ಸೀರಿಯಲ್ ನಂಬರಿನಿಂದ ತಯಾರಾದ ತಿಂಗಳು ಹಿಡಿದು ವಾರಂಟಿ ಎಣಿಸಬಹುದು. ಗೋದಾಮಿನಲ್ಲಿ ಕಳೆದ ತಿಂಗಳುಗಳೆಲ್ಲ ನಿಮ್ಮ ಲೆಕ್ಕಕ್ಕೆ. ನ್ಯಾಯವಾದ ವಾರಂಟಿಯನ್ನು ಕಾರಣವಿಲ್ಲದೆ ತಳ್ಳಿಹಾಕಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅಲ್ಲೂ ಮೊದಲು ಕೇಳುವುದು ಬಿಲ್ಲನ್ನೇ.

ಯಾವ ಕಾರಣಕ್ಕೆ ವಾರಂಟಿ ಕೊಡುವುದಿಲ್ಲ ಅನ್ನುತ್ತಾರೆ?

ಮೊದಲನೆಯದು ಸಾಕೆಟ್ಟಿನ ಪಿನ್. ಇಂಟೆಲ್ ಬೋರ್ಡುಗಳಲ್ಲಿ ಬಹಳ ವರ್ಷಗಳಿಂದಲೂ, ಎಎಂಡಿಯಲ್ಲಿ ಎಎಂ5ರಿಂದ, ಪಿನ್‌ಗಳು ಇರುವುದು ಬೋರ್ಡಿನ ಮೇಲೆ. ಕೂದಲಿನಷ್ಟು ಸಣ್ಣವು. ಒಂದು ಬಾಗಿದರೂ ಕತೆ ಮುಗಿಯಿತು. ಸಾಕೆಟ್ಟಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ಎಸೆಯಬೇಡಿ. ಬೋರ್ಡ್ ವಾಪಸ್ ಕೊಡುವಾಗ ಅದು ಇಲ್ಲದಿದ್ದರೆ ತೆಗೆದುಕೊಳ್ಳುವುದೇ ಇಲ್ಲ.

ಎರಡನೆಯದು ತುಕ್ಕು. ಕರಾವಳಿಯವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಉಪ್ಪುಗಾಳಿಗೆ ತೆರೆದ ಕಿಟಕಿಯ ಪಕ್ಕ ಕ್ಯಾಬಿನೆಟ್ ಇಟ್ಟರೆ ಪೋರ್ಟ್‌ಗಳ ಲೋಹ, ಸ್ಕ್ರೂ ರಂಧ್ರಗಳ ಅಂಚು ಬಣ್ಣ ತಿರುಗುತ್ತವೆ. ಕೆಟ್ಟಿದ್ದಕ್ಕೂ ತುಕ್ಕಿಗೂ ಸಂಬಂಧ ಇರಲಿ ಬಿಡಲಿ, ಸರ್ವಿಸ್‌ನವರ ಕಣ್ಣು ಅಲ್ಲಿಗೇ ಹೋಗುತ್ತದೆ. ಹಲ್ಲಿ, ಜಿರಳೆ ಗಲೀಜಿಗೂ ಇದೇ ಉತ್ತರ.

ಮೂರನೆಯದು ಸುಟ್ಟ ಗುರುತು.

ನಮ್ಮದು ಮಲೆನಾಡು. ಮಳೆಗಾಲ ಶುರುವಾಗುವ ಮುಂಚೆ ಸಿಡಿಲು ಜಾಸ್ತಿ. ಯಾವ ಬ್ರಾಂಡ್ ತಡೆಯುತ್ತದೆ?

ಯಾವುದೂ ತಡೆಯುವುದಿಲ್ಲ. ಪೆಟ್ಟಿಗೆಯ ಮೇಲೆ ಸರ್ಜ್ ಪ್ರೊಟೆಕ್ಷನ್ ಎಂದು ಬರೆದಿರುತ್ತಾರೆ. ಸಣ್ಣಪುಟ್ಟ ಏರುಪೇರಿಗೆ ಸರಿ, ಸಿಡಿಲಿಗೆ ಅಲ್ಲ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಬೋರ್ಡ್ ಹಾಳಾಗುವುದು ಕರೆಂಟ್ ಲೈನಿನಿಂದ ಮಾತ್ರ ಅಲ್ಲ. ಪ್ಲಗ್ ಕಿತ್ತು ನಿಶ್ಚಿಂತೆಯಾಗಿ ಕೂತವರ ಬೋರ್ಡೂ ಹೋಗುತ್ತದೆ, ಲ್ಯಾನ್ ಕೇಬಲ್ ಕಿತ್ತಿರುವುದಿಲ್ಲ. ಅಂಗಳ ದಾಟಿ ಬರುವ ತಾಮ್ರದ ತಂತಿಯಲ್ಲಿ ಬಂದ ಹೊಡೆತ ರೂಟರ್ ಹಾದು ಲ್ಯಾನ್ ಪೋರ್ಟಿಗೆ ಬೀಳುತ್ತದೆ. ಆದ್ದರಿಂದ ಎರಡನ್ನೂ ಕೀಳಿ. ಇಲ್ಲವೇ ವೈಫೈ ಇರುವ ಬೋರ್ಡ್ ತಗೊಂಡು ಕೇಬಲ್ ಸಹವಾಸವನ್ನೇ ಬಿಡಿ. ಮನೆಗೆ ಅರ್ತಿಂಗ್ ಸರಿಯಿದೆಯಾ ಎಂದು ಎಲೆಕ್ಟ್ರಿಷಿಯನ್ ಕರೆದು ನೋಡಿಸಿ. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತಿದ್ದರೆ ಸರಿಯಿಲ್ಲ ಎಂದೇ ಅರ್ಥ.

ಅಣ್ಣ ಅಮೆರಿಕದಲ್ಲಿದ್ದಾನೆ. ಬರುವಾಗ ಬೋರ್ಡ್ ತರಿಸಿಕೊಳ್ಳಲಾ?

ಅಲ್ಲಿ ಮೈಕ್ರೋಸೆಂಟರ್ ಅಂಗಡಿಗಳಲ್ಲಿ ಪ್ರೊಸೆಸರ್, ಬೋರ್ಡ್, ರ‍್ಯಾಮ್ ಸೇರಿಸಿ ಕಾಂಬೊ ಮಾರುತ್ತಾರೆ, ಬೆಲೆ ನೋಡಿದರೆ ಆಸೆ ಆಗುವುದು ಸಹಜ. ಪ್ರೊಸೆಸರ್ ಅಪರೂಪಕ್ಕೆ ಕೆಡುವ ವಸ್ತು, ತರಿಸಿಕೊಳ್ಳಿ. ಬೋರ್ಡ್ ಹಾಗಲ್ಲ. ಅದರ ವಾರಂಟಿ ಸಾಮಾನ್ಯವಾಗಿ ಕೊಂಡ ದೇಶಕ್ಕೆ ಸೀಮಿತ. ಕೆಟ್ಟರೆ ಅಣ್ಣನ ಮುಂದಿನ ರಜೆಗೆ ಕಾಯಬೇಕು. ಇಲ್ಲೇ ಕೊಳ್ಳಿ.

ಆನ್‌ಲೈನ್‌ನಲ್ಲಿ ಎಚ್61, ಎಚ್81 ಹೊಸ ಬೋರ್ಡ್ ಬಹಳ ಅಗ್ಗಕ್ಕೆ ಇದೆ, ಹೆಸರು ಕೇಳದ ಬ್ರಾಂಡ್. ತಗೋಬಹುದಾ?

ಎಚ್61 ಬಂದದ್ದು 2011ರಲ್ಲಿ, ಎಚ್81 2013ರಲ್ಲಿ. ಬೋರ್ಡ್ ಹೊಸದಾಗಿ ಜೋಡಿಸಿದ್ದಿರಬಹುದು, ತಂತ್ರಜ್ಞಾನ ಹತ್ತು ವರ್ಷ ದಾಟಿದ್ದು. ಅದಕ್ಕೆ ಹೊಂದುವ ಪ್ರೊಸೆಸರುಗಳಿಗೆ ವಿಂಡೋಸ್ 11ರ ಅಧಿಕೃತ ಬೆಂಬಲ ಇಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆಯಲ್ಲಿರುವ ಹಳೆಯ ಕಂಪ್ಯೂಟರಿನ ಬೋರ್ಡ್ ಸತ್ತಿದೆ, ಪ್ರೊಸೆಸರ್ ಚೆನ್ನಾಗಿದೆ, ಬಿಲ್ಲಿಂಗ್‌ಗೋ ಟೈಪಿಂಗ್‌ಗೋ ಬೇಕು, ಲಿನಕ್ಸ್ ಹಾಕುತ್ತೇನೆ ಎಂದರೆ ಸರಿ. "ಐ7 ಗೇಮಿಂಗ್ ಪಿಸಿ" ಎಂದು ಇದೇ ಬೋರ್ಡ್ ಹಾಕಿ ಹೊಸದರ ಹೆಸರಿನಲ್ಲಿ ಮಾರುವವರಿದ್ದಾರೆ. ಯಾವ ಪೀಳಿಗೆಯ ಐ7 ಎಂದು ಕೇಳಿದರೆ ಮಾತು ತಿರುಗಿಸುತ್ತಾರೆ.

ಮುಂಚೆ ಇಂಟೆಲ್ ಬೋರ್ಡ್ ಅಂತಲೇ ಬರುತ್ತಿತ್ತು. ಕೆಡುತ್ತಲೇ ಇರಲಿಲ್ಲ. ಈಗ ಸಿಗುವುದಿಲ್ಲವಾ?

ಸಿಗುವುದಿಲ್ಲ. ಡೆಸ್ಕ್‌ಟಾಪ್ ಬೋರ್ಡ್ ವ್ಯಾಪಾರ ಬಿಡುವುದಾಗಿ ಇಂಟೆಲ್ 2013ರಲ್ಲೇ ಹೇಳಿತು. ಅಬಿಟ್ ಅದಕ್ಕೂ ಮುಂಚೆ ಹೋಯಿತು, ನಮ್ಮ ಅಂಗಡಿಗಳಲ್ಲಿ ತುಂಬಿದ್ದ ಮರ್ಕ್ಯುರಿಯೂ ಈಗ ಕಾಣುವುದಿಲ್ಲ. ಬಯೋಸ್ಟಾರ್ ಇದೆ, ನಿಮ್ಮ ಊರಿನಲ್ಲಿ ಸರ್ವಿಸ್ ಇದ್ದರೆ ಯೋಚಿಸಬಹುದು.

ಲಿನಕ್ಸ್ ಬಳಸುತ್ತೇನೆ. ಬ್ರಾಂಡ್ ಮುಖ್ಯವಾ?

ಬ್ರಾಂಡ್ ಅಲ್ಲ, ಚಿಪ್ ಮುಖ್ಯ. ವೈಫೈ ಇಂಟೆಲ್‌ನದಾದರೆ ನೆಮ್ಮದಿ. ಮೀಡಿಯಾಟೆಕ್ ಈಗ ಪರವಾಗಿಲ್ಲ. ರಿಯಲ್‌ಟೆಕ್ ವೈಫೈ ಆದರೆ ಮಾಡೆಲ್ ಹುಡುಕಿ ನೋಡಿಯೇ ಕೊಳ್ಳಿ. ಹಳೆಯ ಝಡ್490 ಬೋರ್ಡ್ ಸೆಕೆಂಡ್‌ಹ್ಯಾಂಡ್ ಕೊಳ್ಳುವವರಿಗೆ ಒಂದು ಎಚ್ಚರಿಕೆ. ಇಂಟೆಲ್‌ನ ಐ225-ವಿ ನೆಟ್‌ವರ್ಕ್ ಚಿಪ್‌ನ ಮೊದಲ ಆವೃತ್ತಿಗಳಲ್ಲಿ ಸಂಪರ್ಕ ಕಡಿಯುವ ದೋಷ ಇತ್ತು.

ಬೋರ್ಡ್ ತಾನೇ ವಿಂಡೋಸ್‌ಗೆ ಸಾಫ್ಟ್‌ವೇರ್ ಹಾಕುತ್ತದಂತೆ, ನಿಜವಾ?

ನಿಜ. ಮೊದಲ ಸಲ ವಿಂಡೋಸ್ ಶುರುವಾದಾಗ ಮೂಲೆಯಲ್ಲಿ "ಡ್ರೈವರ್ ಹಾಕಲಾ?" ಎಂದು ಕಿಟಕಿ ತೆರೆಯುತ್ತದಲ್ಲ, ಅದು ಬಯಾಸ್‌ನಿಂದ ಬಂದದ್ದು. 2023ರ ಮೇನಲ್ಲಿ ಎಕ್ಲಿಪ್ಸಿಯಂ ಎಂಬ ಭದ್ರತಾ ಸಂಸ್ಥೆ ಗಿಗಾಬೈಟ್‌ನ 271 ಮಾಡೆಲ್‌ಗಳಲ್ಲಿ ಈ ವ್ಯವಸ್ಥೆ ಸುರಕ್ಷಿತವಾಗಿಲ್ಲ ಎಂದು ತೋರಿಸಿತು. ಕಂಪನಿ ಬಯಾಸ್ ತಿದ್ದಿ ಕೊಟ್ಟಿತು. ಉಳಿದ ಕಂಪನಿಗಳಲ್ಲೂ ಇಂಥದ್ದೊಂದು ಇದೆ, ಅಸುಸ್‌ನಲ್ಲಿ ಆರ್ಮರಿ ಕ್ರೇಟ್ ಎಂಬ ಹೆಸರಿನಲ್ಲಿ. ಬಯಾಸ್‌ನಲ್ಲಿ ಹುಡುಕಿ ಆಫ್ ಮಾಡಿ, ಡ್ರೈವರನ್ನು ಕಂಪನಿಯ ಸೈಟಿನಿಂದ ನೀವೇ ಇಳಿಸಿಕೊಳ್ಳಿ.

ಬೋರ್ಡ್, ಗ್ರಾಫಿಕ್ಸ್ ಕಾರ್ಡ್ ಒಂದೇ ಬ್ರಾಂಡ್ ಇರಬೇಕಾ?

ಬೇಕಿಲ್ಲ. ಲೈಟುಗಳೆಲ್ಲ ಒಂದೇ ತಾಳಕ್ಕೆ ಕುಣಿಯಬೇಕು ಎಂಬ ಆಸೆ ಇದ್ದರೆ ಮಾತ್ರ.

ಕೊನೆಗೆ, ನೀವಾದರೆ ಏನು ತಗೊಳ್ಳುತ್ತೀರಿ?

ರೈಜೆನ್ 5 ಅಥವಾ 7ಕ್ಕೆ ಎಂಎಸ್‌ಐ ಮ್ಯಾಗ್ ಬಿ650 ಟೊಮಾಹಾಕ್ ವೈಫೈ, ಗಿಗಾಬೈಟ್ ಬಿ650ಎಂ ಆರಸ್ ಎಲೀಟ್ ಎಎಕ್ಸ್, ಅಸುಸ್ ಟಫ್ ಗೇಮಿಂಗ್ ಬಿ650ಎಂ-ಪ್ಲಸ್ ವೈಫೈ. ಇವುಗಳಲ್ಲಿ ಆ ದಿನ ಯಾವುದು ಕಡಿಮೆಗೆ ಸಿಗುತ್ತದೋ ಅದು. ಇವುಗಳ ಬಿ850 ಆವೃತ್ತಿ ಅದೇ ಬೆಲೆಗೆ ಸಿಕ್ಕರೆ ಅದು. ದುಡ್ಡು ಬಿಗಿಯಿದ್ದರೆ ಆಸ್‌ರಾಕ್ ಬಿ650ಎಂ ಪ್ರೊ ಆರ್‌ಎಸ್, ಆದರೆ ಊರಲ್ಲಿ ಅದರ ಸರ್ವಿಸ್ ಇದೆಯಾ ನೋಡಿಕೊಂಡು. 2025ರಲ್ಲಿ ಆಸ್‌ರಾಕ್ ಎಎಂ5 ಬೋರ್ಡುಗಳಲ್ಲಿ ರೈಜೆನ್ 7 9800ಎಕ್ಸ್3ಡಿ ಕೆಟ್ಟ ದೂರುಗಳು ಸಾಕಷ್ಟು ಬಂದವು, ಕಂಪನಿ ಬಯಾಸ್ ಬದಲಾಯಿಸಿತು. ಆ ಪ್ರೊಸೆಸರಿಗಾದರೆ ನಾನು ಬೇರೆ ಬೋರ್ಡ್ ನೋಡುತ್ತೇನೆ.

ಇಂಟೆಲ್ ಐ5-12400ಎಫ್‌ನಂಥದ್ದಕ್ಕೆ ಎಂಎಸ್‌ಐ ಪ್ರೊ ಬಿ760ಎಂ-ಎ ಕಣ್ಣುಮುಚ್ಚಿ ತಗೊಳ್ಳಬಹುದು. ಮನೆ ಕೆಲಸಕ್ಕೆ, ಮಕ್ಕಳ ಓದಿಗೆ ಯಾವ ಬ್ರಾಂಡಿನ ಎಚ್610 ಆದರೂ ನಡೆಯುತ್ತದೆ. ಉಳಿದ ದುಡ್ಡನ್ನು ಒಳ್ಳೆಯ ಎಸ್‌ಎಂಪಿಎಸ್‌ಗೆ ಹಾಕಿ.

ಬೋರ್ಡ್ ಮನೆಗೆ ಬಂತು. ಮೊದಲು ಏನು ಮಾಡಲಿ?

ಪೆಟ್ಟಿಗೆ ತೆರೆಯುವಾಗಲೇ ಫೋನಿನಲ್ಲಿ ವಿಡಿಯೋ ಮಾಡಿ. ಸೀರಿಯಲ್ ನಂಬರ್ ಪೆಟ್ಟಿಗೆ, ಬೋರ್ಡ್, ಬಿಲ್ ಮೂರರಲ್ಲೂ ಒಂದೇ ಇದೆಯಾ ನೋಡಿ. ಸಾಕೆಟ್ ಮುಚ್ಚಳ ತೆಗೆದು, ಟಾರ್ಚ್ ಹಾಕಿ, ಪಿನ್‌ಗಳ ಸಾಲು ನೇರ ಇದೆಯಾ ಎಂದು ಓರೆಯಾಗಿ ನೋಡಿ ಒಂದು ಫೋಟೊ ತೆಗೆದಿಡಿ.

ರ‍್ಯಾಮ್ ಎರಡು ಕಡ್ಡಿ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ನೇ ಸ್ಲಾಟಿಗೆ ಹಾಕಿ. ನಾಲ್ಕು ಸ್ಲಾಟ್ ಇದೆ ಎಂದು ನಾಲ್ಕೂ ತುಂಬಬೇಡಿ. ರೈಜೆನ್ 7000ದಲ್ಲಿ ಎರಡು ಕಡ್ಡಿಗೆ ಎಎಂಡಿ ಹೇಳುವ ವೇಗ 5200, ನಾಲ್ಕು ಹಾಕಿದರೆ 3600.

ಎಎಂ5 ಬೋರ್ಡನ್ನು ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಪರದೆಯಲ್ಲಿ ಏನೂ ಬರುವುದಿಲ್ಲ. ಬೋರ್ಡ್ ರ‍್ಯಾಮ್ ಜತೆ ಹೊಂದಿಕೆ ಮಾಡಿಕೊಳ್ಳುತ್ತಿರುತ್ತದೆ. ಗಾಬರಿಯಾಗಿ ಸ್ವಿಚ್ ಆರಿಸಿದರೆ ಮತ್ತೆ ಮೊದಲಿನಿಂದ ಶುರು. ಬೋರ್ಡಿನ ಅಂಚಿನಲ್ಲಿ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಬೂಟ್ ಎಂದು ನಾಲ್ಕು ಪುಟ್ಟ ಲೈಟ್ ಇದ್ದರೆ ರ‍್ಯಾಮ್ ಲೈಟ್ ಉರಿಯುತ್ತಿರುತ್ತದೆ. ಹೋಗಿ ಒಂದು ಕಾಫಿ ಮಾಡಿಕೊಂಡು ಬನ್ನಿ. ಅಷ್ಟಾದರೂ ಬರದಿದ್ದರೆ ಒಂದೇ ಕಡ್ಡಿ ಇಟ್ಟು ನೋಡಿ, ಆಮೇಲೆ ಅಂಗಡಿಗೆ ಫೋನ್ ಮಾಡಿ.